ಜೋಡಿಯಲ್ಲಿ ಯಾರ ಹೆಸರು ಮೊದಲು?

ಇಂಗ್ಲಿಷ್ ಫ್ಯಾನ್ ಫಿಕ್ಷನ್ (ಮೆಚ್ಚಿದ ಕೃತಿಯ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಕಥೆ) ಓದಿ ಪಳಗಿದವರು ಅನಿಮೆಯ ಗುಂಗಿನಲ್ಲಿ ಜಪಾನೀ ತಾಣಗಳಿಗೋ, ಚೀನೀ ಧಾರಾವಾಹಿಯ ಗುಂಗಿನಲ್ಲಿ ಅಲ್ಲಿನ ತಾಣಗಳಿಗೋ ಹೋದಾಗ ಮೊದಲು ಎಡವುವುದು ಕಥೆಯಲ್ಲಿ ಪ್ರೇಮಿಗಳಾಗುವ ಜೋಡಿಯ ಹೆಸರಿನಲ್ಲೇ. ಇಂಗ್ಲಿಷಿನಲ್ಲಿ ಇಬ್ಬರ ಹೆಸರನ್ನು ಹೇಗೆ ತಿರುಗಿಸಿ ಬರೆದರೂ ಅದೇ ಜೋಡಿ. ಜಪಾನಿನಲ್ಲಿ ಹೆಸರು ಹಿಂದುಮುಂದಾದರೆ ಅದು ಬೇರೆಯೇ ಜೋಡಿ, ಅದರ ಓದುಗರೂ ಬೇರೆ. ರುಚಿಭೇದದ ಮಾತು ಬಂದಾಗ ಎಲ್ಲರೂ ಯಾವ ಪಾತ್ರ ಯಾರಿಗೆ ಇಷ್ಟ ಎಂದೇ ಚರ್ಚಿಸುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು, ಕಥೆ ತೆರೆಯುವ ಮುಂಚೆ ಓದುಗರು ಯಾವ ಭರವಸೆ ಕೇಳುತ್ತಾರೆ ಎಂಬುದು. ಆ ಭರವಸೆ ಊರಿಂದೂರಿಗೆ ಬದಲಾಗುತ್ತದೆ.

ಇಂಗ್ಲಿಷಿನಲ್ಲಿ ಇಬ್ಬರ ಹೆಸರಿನ ನಡುವೆ ಹಾಕುವ ಓರೆಗೆರೆ (/) ಬಂದದ್ದು ಸ್ಟಾರ್ ಟ್ರೆಕ್ ಎಂಬ ಅಮೆರಿಕನ್ ಟಿವಿ ಧಾರಾವಾಹಿಯ ಅಭಿಮಾನಿಗಳಿಂದ. ಅದರ ಪಾತ್ರಗಳಾದ ಕರ್ಕ್ ಮತ್ತು ಸ್ಪಾಕ್ ಪ್ರೇಮಿಗಳಾಗುವ ಕಥೆ 1974ರಲ್ಲೇ ಅಭಿಮಾನಿ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಇಬ್ಬರ ಹೆಸರಿನ ನಡುವೆ ಎಳೆದ ಗೆರೆಯೇ ಮುಂದೆ 'ಸ್ಲ್ಯಾಶ್' ಎಂಬ ಇಡೀ ಪ್ರಕಾರದ ಹೆಸರಾಯಿತು. 2009ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡ ಆರ್ಕೈವ್ ಆಫ್ ಅವರ್ ಓನ್ ಎಂಬ ಅಭಿಮಾನಿ ಕಥೆಗಳ ತಾಣ, ಅಂದರೆ ಎಓ3, ಈ ಪದ್ಧತಿಯನ್ನು ಗಟ್ಟಿ ಮಾಡಿತು. ಅಲ್ಲಿ ಸ್ವಯಂಸೇವಕರು ಟ್ಯಾಗ್‌ಗಳನ್ನು (ಕಥೆ ಹುಡುಕಲು ಹಚ್ಚುವ ಗುರುತುಚೀಟಿಗಳನ್ನು) ಒಂದುಗೂಡಿಸುವಾಗ ಸಾಮಾನ್ಯವಾಗಿ ಕುಲನಾಮದ ಅಕ್ಷರಕ್ರಮ ಹಿಡಿಯುತ್ತಾರೆ. ಡ್ರೇಕೋ ಮಾಲ್ಫಾಯ್ ಮುಂದೆ, ಹ್ಯಾರಿ ಪಾಟರ್ ಹಿಂದೆ ಬರುವುದು ಅಷ್ಟೇ ಕಾರಣಕ್ಕೆ. ಆ ಕ್ರಮದಲ್ಲಿ ಬೇರೆ ಅರ್ಥವಿಲ್ಲ. ಅರ್ಥವಿರುವುದು ನಡುವಿನ ಚಿಹ್ನೆಯಲ್ಲಿ. ಓರೆಗೆರೆ ಎಂದರೆ ಪ್ರೇಮ ಅಥವಾ ಕಾಮ; '&' ಎಂದರೆ ಸ್ನೇಹ, ಒಡಹುಟ್ಟು, ಗುರುಶಿಷ್ಯ, ಹೀಗೆ ಪ್ರಣಯವಲ್ಲದ್ದೆಲ್ಲ. ಹೊಸಬರು ಗಾಢ ಸ್ನೇಹದ ಕಥೆಗೂ ಓರೆಗೆರೆ ಹಾಕುತ್ತಾರೆ. ಆಗ ಪ್ರೇಮ ಹುಡುಕಿ ಬಂದವರಿಗೆ ನಿರಾಸೆ, ಸ್ನೇಹದ ಕಥೆ ಬೇಕಿದ್ದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇನ್ನೊಂದು ತಪ್ಪು, ಎರಡು ಸಾಲಿನಲ್ಲಿ ಬಂದು ಹೋಗುವ ಜೋಡಿಗೂ ಟ್ಯಾಗ್ ಹಾಕುವುದು. ಒಂದೇ ಜೋಡಿಯ ಕಥೆ ಬೇಕಾದವರು ಅಲ್ಲಿ ಫಿಲ್ಟರ್‌ನ ಹುಡುಕು ಪೆಟ್ಟಿಗೆಯಲ್ಲಿ 'ಓಟಿಪಿ: ಟ್ರೂ' (ಇಲ್ಲಿ ಓಟಿಪಿ ಎಂದರೆ ಮೆಚ್ಚಿನ ಏಕೈಕ ಜೋಡಿ) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ, ಹೆಚ್ಚುವರಿ ಜೋಡಿ ಟ್ಯಾಗ್ ಇದ್ದ ಕಥೆ ಆ ಪಟ್ಟಿಯಿಂದ ಜಾರಿಬಿಡುತ್ತದೆ.

ಈ ಓದುಗರು ಕೇಳುವ ಭರವಸೆ ನೋವು ಎಷ್ಟು, ಕಾಮದ ಬಿಸಿ ಎಷ್ಟು ಎಂಬುದರದ್ದು. ಅದಕ್ಕೇ ಎಓ3ಯಲ್ಲಿ ವಯೋಮಾನದ ರೇಟಿಂಗ್ ಇದೆ, ಜೊತೆಗೆ ನಾಲ್ಕು ಮುಖ್ಯ ಎಚ್ಚರಿಕೆಗಳಿವೆ: ತೀವ್ರ ಹಿಂಸೆ, ಮುಖ್ಯ ಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ. ಹೇಳಲು ಇಷ್ಟವಿಲ್ಲದ ಲೇಖಕರು 'ಎಚ್ಚರಿಕೆ ನೀಡುತ್ತಿಲ್ಲ' ಎಂಬ ಆಯ್ಕೆಯನ್ನಾದರೂ ಒತ್ತಲೇಬೇಕು.

ಜಪಾನಿನಲ್ಲಿ ಪ್ರಶ್ನೆಯೇ ಬೇರೆ. ಗಂಡು-ಗಂಡು ಜೋಡಿಯಲ್ಲಿ ಗುಣಾಕಾರ ಚಿಹ್ನೆಯ ಎಡಕ್ಕಿರುವವನು ಸೆಮೆ, ಅಂದರೆ ಮುಂದಾಗುವವನು. ಬಲಕ್ಕಿರುವವನು ಉಕೆ, ಒಪ್ಪಿಸಿಕೊಳ್ಳುವವನು. ಇದು ಹಾಸಿಗೆಗಷ್ಟೇ ಸೀಮಿತ ಎಂದುಕೊಂಡರೆ ಕಥೆಯ ಅರ್ಧ ತಪ್ಪಿಹೋಗುತ್ತದೆ. ಮೊದಲು ಯಾರ ಮನಸ್ಸು ಕದಡುತ್ತದೆ, ಯಾರು ಬಾಯಿಬಿಟ್ಟು ಹೇಳುತ್ತಾರೆ, ಯಾರು ಮುಖ ತಿರುಗಿಸಿಕೊಂಡು ಒಳಗೇ ಕರಗುತ್ತಾರೆ ಎಂಬ ಇಡೀ ಭಾವವಿನ್ಯಾಸ ಈ ಎಡಬಲದ ಮೇಲೆ ನಿಂತಿದೆ. ಹಾಗಾಗಿ ತನ್ನ ಮೆಚ್ಚಿನ ಜೋಡಿಯನ್ನು ಯಾರಾದರೂ ತಿರುಗಿಸಿ ಬರೆದರೆ ಕೆಲವರಿಗೆ ಅದು 'ಜಿರಾಯ್', ಕಾಲಿಟ್ಟರೆ ಸಿಡಿಯುವ ನೆಲಬಾಂಬು. ಎಡಬಲ ಬದಲಾಗುವುದಿಲ್ಲ ಎಂದು ತಮ್ಮ ಪರಿಚಯದಲ್ಲೇ ಬರೆದುಕೊಳ್ಳುವವರಿದ್ದಾರೆ. ಎರಡೂ ಸರಿ ಎನ್ನುವವರು 'ರಿಬಾ' ಎಂದು ಹಾಕುತ್ತಾರೆ. ಇಂಗ್ಲಿಷ್ ಓದುಗರಲ್ಲಿ ಅನೇಕರಿಗೆ ಈ ನಿಶ್ಚಿತ ಪಾತ್ರಗಳು ಹಳೆಯ ಗಂಡಹೆಂಡತಿ ಅಚ್ಚಿನಂತೆ ಕಂಡು ಕಿರಿಕಿರಿಯಾಗುತ್ತದೆ. ಆ ಆಕ್ಷೇಪದಲ್ಲಿ ಹುರುಳಿದೆ. ಆದರೂ ಒಳ್ಳೆಯ ಜಪಾನೀ ಲೇಖಕಿಯ ಕೈಯಲ್ಲಿ ಈ ಎಡಬಲ ಒಂದು ರಾಗದ ಆರೋಹಣ ಅವರೋಹಣದಷ್ಟೇ ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ.

ಈ ಕಟ್ಟುನಿಟ್ಟಿಗೆ ಮಾರಾಟದ ಮೇಜೂ ಒಂದು ಕಾರಣ ಎಂದು ನನ್ನ ಅಂದಾಜು. 1975ರ ಡಿಸೆಂಬರ್‌ನಲ್ಲಿ 32 ಗುಂಪುಗಳೊಂದಿಗೆ ಟೋಕಿಯೋದಲ್ಲಿ ಶುರುವಾದ ಕಾಮಿಕೆಟ್ ಎಂಬ, ಅಭಿಮಾನಿಗಳು ತಾವೇ ಅಚ್ಚು ಹಾಕಿಸಿದ ಪುಸ್ತಕ ಮಾರುವ ಸಂತೆಯಲ್ಲಿ ಇಂದು ಒಂದು ಗುಂಪಿಗೆ ಸಿಗುವುದು ಅರ್ಧ ಮೇಜು, ಸುಮಾರು 90 ಸೆಂಟಿಮೀಟರ್ ಅಗಲ. ದೊಡ್ಡ ಕೃತಿಗಳ ಅಭಿಮಾನಿಗಳನ್ನು ಜೋಡಿವಾರು ಅಕ್ಕಪಕ್ಕ ಕೂರಿಸುತ್ತಾರೆ. ಕೊಳ್ಳುವವರು ಸಾಲು ನೋಡಿಯೇ ನಡೆಯುವುದರಿಂದ ಹೆಸರಿನ ಕ್ರಮ ತಪ್ಪಿದರೆ ಪುಸ್ತಕ ತಪ್ಪು ಸಾಲಿನಲ್ಲಿ ಕೂತಂತೆ. ಅಚ್ಚಿನ ಪುಸ್ತಕ ತೆಳ್ಳಗಿರುವುದರಿಂದ ಕಥೆಯೂ ಒಂದು ಸಂಜೆ, ಒಂದು ಪ್ರೇಮನಿವೇದನೆ, ಒಂದು ಜಗಳದಲ್ಲಿ ಮುಗಿಯಬೇಕು. ಲಕ್ಷ ಪದಗಳವರೆಗೆ ಕೈ ಹಿಡಿಯಲೂ ಬಿಡದೆ ಸತಾಯಿಸುವ 'ಸ್ಲೋ ಬರ್ನ್' ಬೆಳೆದದ್ದು ಪುಟಮಿತಿ ಇಲ್ಲದ ಇಂಗ್ಲಿಷ್ ತಾಣಗಳಲ್ಲಿ.

ಪಿಕ್ಸಿವ್‌ನಲ್ಲಿ (ಅಭಿಮಾನಿಗಳು ಚಿತ್ರ, ಕಥೆ ಹಾಕುವ ಜಪಾನೀ ತಾಣ) ಒಂದು ಕೃತಿಗೆ 10 ಟ್ಯಾಗ್ ಮಾತ್ರ. ಅದರಲ್ಲಿ ಒಂದು ಮೂಲಕೃತಿಯ ಹೆಸರಿಗೆ, ಒಂದು ಸರಿಯಾದ ಕ್ರಮದ ಜೋಡಿಗೆ, ಇನ್ನೊಂದು ಗಂಡು-ಗಂಡು ಪ್ರೇಮ ಬೇಡದವರು ದೂರವಿರಲೆಂದು ಹಾಕುವ 'ಫುಮುಕೆ'ಗೆ. ನಿಜವ್ಯಕ್ತಿಗಳ ಕಥೆಗೆ ಅಲ್ಲಿ ಶಿಸ್ತು ಇನ್ನೂ ಬಿಗಿ: ಹೆಸರನ್ನು ನೇರ ಬರೆಯದೆ ಸಂಕೇತದಲ್ಲಿ ಬರೆಯುತ್ತಾರೆ, ಖಾತೆಗೆ ಬೀಗ ಹಾಕುತ್ತಾರೆ. ಅಂಥ ಕಥೆಯ ಕೊಂಡಿಯನ್ನು ಬಯಲಲ್ಲಿ ಹಂಚುವುದು ದೊಡ್ಡ ಅಪರಾಧ.

ಚೀನೀ ಓದುಗರಲ್ಲೂ ಮುಂದಾಗುವವನ ಹೆಸರೇ ಮೊದಲು. ಮುಂದಾಗುವವನನ್ನು ಗೋಂಗ್, ಒಪ್ಪಿಸಿಕೊಳ್ಳುವವನನ್ನು ಶೋವ್ ಎನ್ನುತ್ತಾರೆ. ಅದರ ಮೇಲೆ ಅವರಿಗೆ ಕೊನೆಯೂ ಮೊದಲೇ ಗೊತ್ತಾಗಬೇಕು: ಸುಖಾಂತಕ್ಕೆ ಎಚ್‌ಇ, ದುಃಖಾಂತಕ್ಕೆ ಬಿಇ. ಸಿಹಿ ಪ್ರಸಂಗ 'ಸಕ್ಕರೆ', ಎದೆ ಸೀಳುವುದು 'ಚಾಕು'. 'ಒಡೆಯಬೇಡ, ತಿರುಗಿಸಬೇಡ' ಎಂಬ ಷರತ್ತೂ ಸಾಮಾನ್ಯ. ಜೋಡಿಯ ಒಬ್ಬರನ್ನು ಮೂರನೆಯವರ ಜೊತೆ ಸೇರಿಸಿದರೂ ಮುನಿಸು. 2020ರ ಫೆಬ್ರವರಿಯಲ್ಲಿ ಒಬ್ಬ ನಟನ ಅಭಿಮಾನಿಗಳು ಎಓ3ಯಲ್ಲಿದ್ದ, ಅವನನ್ನು ಪಾತ್ರವಾಗಿಸಿದ ಕಥೆಯ ವಿರುದ್ಧ ದೂರಿನ ಸುರಿಮಳೆ ಸುರಿಸಿದರು, ಆ ತಿಂಗಳ 29ಕ್ಕೆ ಚೀನಾದಲ್ಲಿ ಎಓ3 ತೆರೆಯದಂತಾಯಿತು. ಜೋಡಿಯ ರುಚಿಯ ಜಗಳ ಇಷ್ಟು ದೂರ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ನಮ್ಮ ದೇಶದಲ್ಲಿ ಅಭಿಮಾನಿ ಕಥೆ ಹುಲುಸಾಗಿ ಬೆಳೆದದ್ದು ಹಿಂದಿ ಧಾರಾವಾಹಿಗಳ ಸುತ್ತ. 2011–12ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಬಂದ ಅರ್ನವ್–ಖುಷಿ ಕಥೆಯ ಜೋಡಿಗೆ ಗೆರೆಯೂ ಇಲ್ಲ, ಎಡಬಲವೂ ಇಲ್ಲ. ಹೆಸರು ಬೆಸೆದು 'ಅರ್ಹಿ' ಎಂದರು. ಟ್ಯಾಗ್ ಜಾಗದಲ್ಲಿ ಅಳತೆ ಹೇಳುತ್ತಾರೆ: ಒಂದೇ ಕಂತಿನದು ಓಎಸ್, ಕೆಲವು ಕಂತುಗಳದ್ದು ಎಸ್‌ಎಸ್, ಉದ್ದದ್ದು ಎಫ್‌ಎಫ್. ಇಂಗ್ಲಿಷ್ ಕಥೆ ಪ್ರೇಮ ಕೈಗೂಡಿದಲ್ಲಿ ನಿಂತರೆ ಇಲ್ಲಿಯ ಕಥೆ ಮದುವೆಯಿಂದಲೇ ಶುರುವಾಗುತ್ತದೆ, ಏಕೆಂದರೆ ತಾಳಿ ಮೊದಲು, ಪ್ರೀತಿ ಆಮೇಲೆ. ಆ ಧಾರಾವಾಹಿಯಲ್ಲೇ ಆರು ತಿಂಗಳ ಕರಾರಿನ ಮದುವೆ ಇತ್ತು. ಅತ್ತೆ, ಅಜ್ಜಿ, ನಾದಿನಿ ಇಲ್ಲದ ಕಥೆಗೆ ಓದುಗರು 'ಮನೆಯವರೆಲ್ಲಿ?' ಎಂದು ಕೇಳುತ್ತಾರೆ.

ಕೇಳುಗನಿಗೆ ತಕ್ಕ ಜೋಡಿ ಕಟ್ಟುವುದು ಕನ್ನಡಕ್ಕೆ ಹೊಸದಲ್ಲ. 941ರ ಸುಮಾರಿಗೆ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ, ಹಾಗಾಗಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟ. ಕೊನೆಗೆ ಪಟ್ಟದಲ್ಲಿ ಅವನ ಪಕ್ಕ ಕೂರಿಸಿದ್ದು ಸುಭದ್ರೆಯನ್ನು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ ರನ್ನ, ಭೀಮ–ದ್ರೌಪದಿಯರಿಗೆ ಪಟ್ಟ ಕಟ್ಟಿದ.

ಹಿಂದಿ ಧಾರಾವಾಹಿಗಳಂಥ ಮದುವೆ ಕಥೆಯನ್ನು ಎಓ3ಗೆ ಹಾಕುವವರು ಟ್ಯಾಗ್ ಬೆರೆಸಬಾರದು. ಹಿರಿಯರು ನಿಶ್ಚಯಿಸಿ ಇಬ್ಬರೂ ಒಪ್ಪಿದ್ದಕ್ಕೆ 'ಅರೇಂಜ್ಡ್ ಮ್ಯಾರೇಜ್'. ಬೆದರಿಸಿ ಮಾಡಿದ್ದಕ್ಕೆ 'ಫೋರ್ಸ್ಡ್ ಮ್ಯಾರೇಜ್'. ಲೋಕಕ್ಕೆ ತೋರಿಸಲು ಹೂಡಿದ ನಾಟಕವಾಗಿದ್ದರೆ 'ಫೇಕ್' ಎಂದು ಶುರುವಾಗುವ ಟ್ಯಾಗ್. ಬಲವಂತವಿದ್ದೂ ಮೊದಲನೆಯದನ್ನೇ ಹಾಕಿದರೆ ಓದುಗರು ಮೋಸ ಹೋದೆವು ಎನ್ನುತ್ತಾರೆ, ಅದು ನ್ಯಾಯವೇ. ಜಪಾನೀ ಕಥೆಯನ್ನು ಅನುವಾದಿಸಿ ಹಾಕುವುದಾದರೆ ಮೊದಲು ಮೂಲ ಲೇಖಕರ ಒಪ್ಪಿಗೆ ಪಡೆಯಬೇಕು. ಎಡಬಲದ ಮಾಹಿತಿ ಜೋಡಿ ಟ್ಯಾಗ್‌ನಲ್ಲಿ ಕಳೆದುಹೋಗುವುದರಿಂದ, ಯಾರು ಮುಂದಾಗುವವರು ಎಂಬುದನ್ನು ಹೆಚ್ಚುವರಿ ಟ್ಯಾಗ್‌ನಲ್ಲಿ 'ಟಾಪ್', 'ಬಾಟಮ್' ಎಂದು ಪಾತ್ರದ ಹೆಸರಿನೊಂದಿಗೆ ಸೇರಿಸಿ. ಜಪಾನೀ ಓದುಗರು ನಿಮ್ಮ ಪುಟಕ್ಕೆ ಬಂದಾಗ ಮೊದಲು ನೋಡುವುದು ಅದನ್ನೇ.