ಅಮಾನಿಕೆರೆ ಏರಿ ಮೇಲೆ

ಇವತ್ತು ಬೆಳಿಗ್ಗೆ ತುಮಕೂರಿನ ಅಮಾನಿಕೆರೆ ಏರಿ ಮೇಲೆ ವಾಕಿಂಗ್ ಮುಗಿಸಿ ಸುಮ್ನೆ ನಿಂತಿದ್ದೆ. ಒಂದು ನೀರುಕೋಳಿ ದಡದ ಪಕ್ಕದಲ್ಲೇ ಈಜಿಕೊಂಡು ಹೋಯಿತು. ಅದರ ಹಿಂದೆ ಎರಡು ಗೆರೆ ಅಗಲವಾಗುತ್ತಾ ಬಂದು ಕಲ್ಲಿಗೆ ಚಳ್ ಅಂತ ಬಡಿದವು. ಕಲ್ಲಿನ ಸಂದಿಯಿಂದ ಚಿಟಿಕೆ ಮಣ್ಣು ಕರಗಿ ನೀರಿಗೆ ಇಳಿಯಿತು. ಅಷ್ಟು ಚಿಕ್ಕ ಹಕ್ಕಿಗೇ ಇಷ್ಟು ಅಲೆ!

ಇಟಲಿಯ ವೆನಿಸ್ ಊರು ನೆನಪಾಯಿತು. ಅಲ್ಲಿ ಕಾಲುವೆಯೇ ಬೀದಿ, ಮನೆಗಳ ಬುಡ ನೀರಲ್ಲೇ ಇದೆ. ಮೋಟಾರ್ ದೋಣಿಗಳು ಎಬ್ಬಿಸುವ ಅಲೆಗೆ ಅಲ್ಲಿನವರು ‘ಮೋಟೊ ಒಂಡೊಸೊ’ ಅಂತ ಹೆಸರೇ ಇಟ್ಟಿದ್ದಾರೆ. ಅಲೆಯ ಎತ್ತರ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ. ಇಟ್ಟಿಗೆ ಸಂದಿಯ ಗಾರೆ ದಿನಾ ಆ ಏಟು ತಿಂದು ಸವೆಯುತ್ತದೆ. 2022ರ ಆಗಸ್ಟ್‌ನಲ್ಲಿ ಇಬ್ಬರು ಪ್ರವಾಸಿಗರು ಅಲ್ಲಿನ ಗ್ರ್ಯಾಂಡ್ ಕೆನಾಲಿನಲ್ಲಿ ಮೋಟಾರ್ ಹಲಗೆ ಮೇಲೆ ನಿಂತು ರೊಯ್ ಅಂತ ಹೋಗಿದ್ದರು. ದಂಡ ಹಾಕಿ, ಹಲಗೆ ಕಿತ್ತುಕೊಂಡರು. ಒಳ್ಳೇ ಕೆಲಸ ಮಾಡಿದರು.

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ಕಾಲುವೆಗಳಲ್ಲೂ ದೋಣಿಗಳಿಗೆ ಗಂಟೆಗೆ 6 ಕಿ.ಮೀ. ವೇಗದ ಮಿತಿ ಇದೆ. ನಾನು ಈ ಏರಿ ಮೇಲೆ ಬಿರುಸಾಗಿ ನಡೆದರೂ ಹೆಚ್ಚುಕಮ್ಮಿ ಅಷ್ಟೇ ವೇಗ. ಮನೆ ಮುಂದೆ ಹಾಯುವ ದೋಣಿಗೆ ಅಷ್ಟು ಸಾಕು ಅಲ್ವಾ? ನಮ್ಮ ಬೀದಿಯಲ್ಲಿ ಬೈಕು ನುಗ್ಗಿದರೆ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತೇವೆ, ಹಂಪ್ ಹಾಕಿಸಿ ಅಂತ ಕೇಳುತ್ತೇವೆ. ನೀರಿಗೆ ಹಂಪ್ ಹಾಕಲು ಆಗುತ್ತಾ? ಕಾವಲು, ಕ್ಯಾಮೆರಾ, ದಂಡ ಇಷ್ಟರಲ್ಲೇ ಹಿಡಿಯಬೇಕು. ಪಾಪ, ಬಾಗಿಲು ತೆಗೆದರೆ ಮೆಟ್ಟಿಲಿಗೇ ಅಲೆ ಬಡಿಯುವ ಮನೆಯವರ ಸಂಕಟ ನನಗಂತೂ ಚೆನ್ನಾಗಿ ಅರ್ಥವಾಗುತ್ತದೆ.

ನಾನು ಹೊರಡುವಾಗ ನೀರುಕೋಳಿ ಜೊಂಡಿನೊಳಗೆ ಸೇರಿಕೊಂಡಿತ್ತು. ದಡದ ನೀರು ಮತ್ತೆ ತಿಳಿಯಾಗಿತ್ತು.