ನಾನು ಎಲೆ ನೋಡುತ್ತಿದ್ದೆ, ತೊಂದರೆ ಬುಡದಲ್ಲಿತ್ತು

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಹೆಮ್ಮೆ ಇತ್ತು. ನನ್ನಷ್ಟು ಆಳದ ಗುಂಡಿ ಬೇರೆ ಯಾರೂ ತೋಡಿಸುವುದಿಲ್ಲ ಅಂತ.

ಒಂದು ದೊಡ್ಡ ಆವರಣದ ಗಿಡಮರ ನೋಡಿಕೊಳ್ಳುವ ಕೆಲಸ ನನ್ನದು. ದಾರಿಯ ಎರಡೂ ಬದಿಗೆ ನೆರಳಿನ ಮರ ಬೇಕು ಅಂದರು. ಆಳೆತ್ತರದ 28 ಸಸಿ ತರಿಸಿದೆವು. ಒಂದೊಂದಕ್ಕೂ 1 ಮೀಟರ್ ಆಳದ ಗುಂಡಿ. ತಳಕ್ಕೆ ಗೊಬ್ಬರ, ಅದರ ಮೇಲೆ ಸಡಿಲ ಮಣ್ಣು, ಅದರ ಮೇಲೆ ಸಸಿ. ಗಾಳಿಗೆ ವಾಲಬಾರದಲ್ಲ, ಅದಕ್ಕೆ ಕಾಂಡದ ಸುತ್ತ ಇನ್ನಷ್ಟು ಮಣ್ಣು ಏರಿಸಿ ಚೆನ್ನಾಗಿ ತುಳಿಸಿದೆ. ಫೋಟೋ ಕೂಡ ತೆಗೆಸಿಕೊಂಡೆ.

ಮೊದಲ ವರ್ಷ ಎಲ್ಲವೂ ಚಿಗುರಿದವು. ಎರಡನೇ ವರ್ಷ ಎಲೆ ಸ್ವಲ್ಪ ಚಿಕ್ಕದಾಯಿತು. ಮೂರನೇ ವರ್ಷ ಎಲೆ ಹಳದಿ, ನರ ಮಾತ್ರ ಹಸಿರು. ತುದಿಯ ಕೊಂಬೆಗಳು ಒಣಗತೊಡಗಿದವು. ಪುಸ್ತಕದಲ್ಲಿ ಓದಿದ್ದು ಥಟ್ಟನೆ ನೆನಪಾಯಿತು: ನರ ಹಸಿರು, ಉಳಿದದ್ದು ಹಳದಿ ಅಂದರೆ ಕಬ್ಬಿಣದ ಕೊರತೆ. ಕಬ್ಬಿಣದ ಪೋಷಕ ಸಿಂಪಡಿಸಿದೆ. ಕೆಲವು ವಾರ ಹಸಿರಾಯಿತು, ಮತ್ತೆ ಅದೇ ಕಥೆ. ಯೂರಿಯಾ ಹಾಕಿಸಿದೆ. ಮಧ್ಯಾಹ್ನದ ಹೊತ್ತಿಗೆ ಎಲೆ ಬಾಡುತ್ತಿತ್ತು, ನೀರು ಜಾಸ್ತಿ ಮಾಡಿಸಿದೆ. ಬಾಡುವುದೂ ಜಾಸ್ತಿಯಾಯಿತು. ಆಗಲೂ ನನಗೆ ಅನುಮಾನ ಬರಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅದೇ ಸಮಯಕ್ಕೆ ಒಬ್ಬ ಹಿರಿಯ ಮಾಲಿ ಕೆಲಸಕ್ಕೆ ಬಂದರು. ಅವರನ್ನು ಮರಗಳ ಹತ್ತಿರ ಕರೆದುಕೊಂಡು ಹೋಗಿ ಎಲೆ ಕಿತ್ತು ತೋರಿಸಿದೆ. ಅವರು ಎಲೆ ಕಡೆ ನೋಡಲೇ ಇಲ್ಲ. ಕುಕ್ಕರುಗಾಲಲ್ಲಿ ಕೂತು ಬುಡ ಸವರಿದರು.

"ಮೇಡಂ, ಇದು ಮರ ನೆಟ್ಟಿದ್ದೋ, ಕಂಬ ಹೂತಿದ್ದೋ?"

"ಯಾಕಣ್ಣ?"

"ಬುಡ ಎಲ್ಲಿದೆ ತೋರಿಸಿ ನೋಡೋಣ."

ನೋಡಿದೆ. ಕಾಂಡ ನೇರವಾಗಿ ಮಣ್ಣಿನೊಳಗೆ ಇಳಿದಿತ್ತು, ಕಂಬದ ಹಾಗೆಯೇ. ತಾನಾಗಿ ಬೆಳೆದ ಯಾವುದೇ ಮರ ನೋಡಿ, ನೆಲ ಮುಟ್ಟುವ ಜಾಗದಲ್ಲಿ ಕಾಂಡ ಅಗಲವಾಗುತ್ತದೆ, ಅಲ್ಲಿಂದ ಬೇರುಗಳು ಹರಡಿಕೊಳ್ಳುತ್ತವೆ. ಆ ಅಗಲದ ಜಾಗ ಕಣ್ಣಿಗೆ ಕಾಣಬೇಕು. ನಮ್ಮ 28ರಲ್ಲಿ ಒಂದರಲ್ಲೂ ಕಾಣುತ್ತಿರಲಿಲ್ಲ.

ಅಣ್ಣ ಕೈಯಿಂದಲೇ ಮಣ್ಣು ಕೆದಕಿದರು. ಒಂದು ಗೇಣು ಕೆಳಗೆ ಹೋದ ಮೇಲೆ ಮೊದಲ ದಪ್ಪ ಬೇರು ಸಿಕ್ಕಿತು. ಅಷ್ಟು ಉದ್ದದ ತೊಗಟೆ ಕಪ್ಪಾಗಿ, ಮೆತ್ತಗಾಗಿ, ಹುಳಿ ವಾಸನೆ ಹೊಡೆಯುತ್ತಿತ್ತು. ಒಂದು ಬೇರಂತೂ ಹಗ್ಗದ ಹಾಗೆ ಕಾಂಡಕ್ಕೇ ಸುತ್ತಿಕೊಂಡಿತ್ತು.

ಬೇರಿನ ಸಿಪ್ಪೆಗೆ ತೇವ ತಡೆದುಕೊಳ್ಳುವ ಶಕ್ತಿ ಇದೆ. ಕಾಂಡದ ತೊಗಟೆಗೆ ಇಲ್ಲ, ಅದಕ್ಕೆ ಗಾಳಿ ಬೇಕು. ಸದಾ ಒದ್ದೆ ಮಣ್ಣಲ್ಲಿ ಮುಚ್ಚಿಟ್ಟರೆ ಅದು ನಿಧಾನವಾಗಿ ಸಾಯುತ್ತದೆ, ಕೊಳೆ ರೋಗದ ಶಿಲೀಂಧ್ರಗಳು ಸೇರಿಕೊಳ್ಳುತ್ತವೆ. ಎಲೆ ತಯಾರಿಸಿದ ಆಹಾರ ಆ ತೊಗಟೆಯ ಒಳಪದರದ ಮೂಲಕವೇ ಬೇರಿಗೆ ಇಳಿಯಬೇಕು. ದಾರಿ ಕೆಟ್ಟರೆ ಬೇರಿಗೆ ಉಪವಾಸ. ಬೇರಿಗೂ ಆಮ್ಲಜನಕ ಬೇಕು, ಆಳಕ್ಕೆ ಹೋದಷ್ಟೂ ಅದು ಕಡಿಮೆ. ಮರ ಎಷ್ಟೇ ಎತ್ತರವಿರಲಿ, ನೀರು ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ 30–45 ಸೆಂಟಿಮೀಟರ್ ಮಣ್ಣಲ್ಲೇ ಇರುತ್ತವೆ. ನಮ್ಮ ಮಣ್ಣಲ್ಲಿ ಕಬ್ಬಿಣಕ್ಕೇನೂ ಬರ ಇರಲಿಲ್ಲ. ಹೀರಲು ಬೇರೇ ಇರಲಿಲ್ಲ. ನಾನು ಸುರಿಸಿದ ನೀರು ಇದ್ದಬದ್ದ ಬೇರನ್ನೂ ಮುಳುಗಿಸಿತು. ಒಣಗಿದರೂ ಗಿಡ ಬಾಡುತ್ತದೆ, ಬೇರು ಕೊಳೆತರೂ ಬಾಡುತ್ತದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ. ಮಣ್ಣಿಗೆ ಬೆರಳು ಇಳಿಸಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಇಷ್ಟು ಆಳಕ್ಕೆ ಹೋದದ್ದು ಹೇಗೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಏರಿಸಿ ತುಳಿದ ಮಣ್ಣು ಕಣ್ಣಿಗೆ ಕಾಣುವ ತಪ್ಪು. ದೊಡ್ಡ ತಪ್ಪು ನನ್ನ ಹೆಮ್ಮೆಯ ಗುಂಡಿಯೇ. ತಳದ ಗೊಬ್ಬರ ಕೊಳೆತು ಕರಗಿತು, ಸಡಿಲ ಮಣ್ಣು ನೀರಿಗೆ ಕುಸಿಯಿತು, ಸಸಿ ಲಿಫ್ಟ್‌ನಲ್ಲಿ ಇಳಿದ ಹಾಗೆ ಕೆಳಗಿಳಿಯಿತು. ಮೇಲೆ ಆದ ತಗ್ಗನ್ನು ನಮ್ಮವರೇ ಪ್ರತಿ ವರ್ಷ ಮಣ್ಣು ಹಾಕಿ ಸಮ ಮಾಡಿದ್ದರು, ಅದೂ ನನ್ನ ಮಾತಿನಂತೆಯೇ. ಮೂರನೆಯದು ನರ್ಸರಿಯಿಂದಲೇ ಬಂದ ತಪ್ಪು. ಸಸಿಯನ್ನು ಚಿಕ್ಕ ಕವರಿನಿಂದ ದೊಡ್ಡದಕ್ಕೆ ಬದಲಿಸುವಾಗೆಲ್ಲ ಮೇಲೊಂದಿಷ್ಟು ಮಣ್ಣು ಬೀಳುತ್ತದೆ. ಹಾಗಾಗಿ ಕವರಿನ ಮಣ್ಣಿನ ಮಟ್ಟಕ್ಕೇ ನೆಟ್ಟರೂ ಬುಡ ಆಗಲೇ ಹೂತಿರುತ್ತದೆ. ಸುತ್ತಿಕೊಂಡ ಬೇರು ಕೂಡ ಕವರಿನೊಳಗೇ ಶುರುವಾದದ್ದು.

ಈಗ ಸಸಿ ಬಂದಿಳಿದ ತಕ್ಷಣ ಒಂದು ತೆಳು ತಂತಿಯನ್ನು ಕಾಂಡದ ಪಕ್ಕ ಮೆಲ್ಲಗೆ ಚುಚ್ಚಿ ಮೊದಲ ದಪ್ಪ ಬೇರು ಎಲ್ಲಿ ತಾಗುತ್ತದೆ ಅಂತ ನೋಡುತ್ತೇವೆ. ಅದರ ಮೇಲಿನ ಮಣ್ಣೆಲ್ಲ ತೆಗೆದು, ಆಮೇಲೆ ಆಳ ಅಳೆಯುತ್ತೇವೆ. ಕಸಿ ಗಿಡದಲ್ಲಿ ಹುಷಾರು. ಕಸಿ ಕಟ್ಟಿದ ಗಂಟನ್ನೇ ಬುಡ ಅಂದುಕೊಂಡು ಅಲ್ಲಿವರೆಗೆ ಹೂಳುವವರು ತುಂಬಾ ಜನ ಇದ್ದಾರೆ. ಬುಡ ಅದಕ್ಕಿಂತ ಕೆಳಗಿರುತ್ತದೆ. ಗುಂಡಿಯ ಅಗಲ ಬೇರಿನ ಗಡ್ಡೆಯ, ಅಂದರೆ ಬೇರು ಮತ್ತು ಅದಕ್ಕೆ ಅಂಟಿದ ಮಣ್ಣಿನ ಮುದ್ದೆಯ, ಎರಡು ಮೂರು ಪಟ್ಟು, ಆಳ ಮಾತ್ರ ಗಡ್ಡೆಯಷ್ಟೇ. ತಳದ ಮಣ್ಣು ಕದಲಿಸುವಂತಿಲ್ಲ, ಗಡ್ಡೆ ಗಟ್ಟಿ ನೆಲದ ಮೇಲೇ ಕೂರಬೇಕು. ಒಣಎಲೆ ಹೊದಿಕೆ 5ರಿಂದ 10 ಸೆಂಟಿಮೀಟರ್ ದಪ್ಪ ಸಾಕು, ಕಾಂಡಕ್ಕೆ ತಾಗಬಾರದು. ಕಾಂಡದ ಸುತ್ತ ಗುಡ್ಡೆ ಹಾಕಿದರೆ ನೋಡಲು ಚೆಂದ, ಮರಕ್ಕೆ ಶಿಕ್ಷೆ. ಟೊಮೆಟೊ ಗಿಡಕ್ಕೆ ಈ ನಿಯಮ ಇಲ್ಲ ಬಿಡಿ, ಅದರ ಕಾಂಡದಿಂದಲೇ ಬೇರು ಹೊಡೆಯುತ್ತದೆ, ಎಷ್ಟು ಆಳಕ್ಕೆ ಇಟ್ಟರೂ ಖುಷಿ.

ಮತ್ತೆ ಆ ಮರಗಳ ವಿಷಯಕ್ಕೆ ಬರುತ್ತೇನೆ. ಸಣ್ಣಗೆ ಉಳಿದಿದ್ದವನ್ನು ಎತ್ತಿ, ಸುತ್ತಿದ ಬೇರು ಕತ್ತರಿಸಿ, ಮೇಲೆ ಕೂರಿಸಿ ನೆಟ್ಟೆವು. ದಪ್ಪಗಾದವನ್ನು ಎತ್ತಲಾಗದೆ, ಬುಡ ಕಾಣುವವರೆಗೆ ಸುತ್ತಲಿನ ಮಣ್ಣು ತೆಗೆದೆವು. ಒಣಕೊಂಬೆ ತೆಗೆಯುವಾಗ ಹುಡುಗರು ಗಾಯಕ್ಕೆ ಡಾಂಬರು ಬಳಿಯೋಣ ಅಂದರು. ಬೇಡ ಅಂದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಮರಗಳನ್ನು ಗರಗಸದಿಂದ ಉದ್ದುದ್ದ ಸೀಳಿ ನೋಡಿದ ವಿಜ್ಞಾನಿ. ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ, ಕೆಟ್ಟ ಭಾಗದ ಸುತ್ತ ಮರ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ ಅಂತ ಅವರು 1977ರಲ್ಲಿ ವಿವರಿಸಿದ್ದರು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದಲ್ಲ, ಆ ಗೋಡೆ ಕಟ್ಟುವ ಕೆಲಸ ಮುಖ್ಯವಾಗಿ ಅಲ್ಲೇ. ಉಬ್ಬನ್ನು ಬಿಟ್ಟು ಅದರ ಹೊರಗೆ ಕತ್ತರಿಸಿದರೆ ಸಾಕು. ಡಾಂಬರು ನಮ್ಮ ಸಮಾಧಾನಕ್ಕೆ ಅಷ್ಟೇ.

ಆರು ಮರ ಹೋದವು. ಮೇಲಿನವರು ಕಾರಣ ಬರೆದುಕೊಡಿ ಅಂದಾಗ "ರೋಗ" ಅಂತ ಬರೆದು ಮುಗಿಸಬಹುದಿತ್ತು. "ಆಳಕ್ಕೆ ನೆಟ್ಟಿದ್ದು" ಅಂತ ಬರೆದೆ. ಬೈಗುಳ ಸಿಕ್ಕಿತು, ನಿಜ. ಆದರೆ ಮುಂದಿನ ಸಲ ಸಸಿ ತರಿಸುವಾಗ ಗುಂಡಿಯ ಆಳದ ಬಗ್ಗೆ ನನ್ನನ್ನೇ ಮೊದಲು ಕೇಳಿದರು.

ಗೇಟಿನ ಹತ್ತಿರದ ಮರದ ಸುತ್ತ ಈಗಲೂ ತಟ್ಟೆಯಂಥ ತಗ್ಗಿದೆ. ಜೋರು ಮಳೆ ಬಂದರೆ ಮಣ್ಣು ಕೊಚ್ಚಿಕೊಂಡು ಬಂದು ಅದರಲ್ಲಿ ತುಂಬುತ್ತದೆ. ಯಾರಾದರೂ ಹೊಸಬರು ಗುದ್ದಲಿ ತಂದು ಅದನ್ನು ಸಮ ಮಾಡಲು ಹೊರಡುತ್ತಾರೆ. ಅಣ್ಣ ಎಲ್ಲಿದ್ದರೂ ಅಲ್ಲಿಂದಲೇ ಕೂಗುತ್ತಾರೆ, "ಏಯ್, ಮುಚ್ಚಬೇಡ್ರೋ ಅದನ್ನ!"