ಬಡಗಲು ಎಂದರೆ ಬಡಗಿಯಲ್ಲ

ಹೋದ ತಿಂಗಳು ಆಲೂರು ತಾಲ್ಲೂಕಿನ ಕುಟುಂಬವೊಂದರ ವಿಭಾಗದ ದಾವೆಗೆ ಬೇಕಾದ 1951ರ ಪಾಲುಪಟ್ಟಿಯೊಂದು ಹಾಸನದ ನನ್ನ ಕಚೇರಿಗೆ ಬಂದಿತು. ಮಡಿಕೆಗಳಲ್ಲಿ ಸೀಳಿಹೋಗಿ, ಹಿಂಬದಿಗೆ ಬಟ್ಟೆ ಅಂಟಿಸಿಕೊಂಡಿದ್ದ ಆ ಕಾಗದದ ಕೈಬರಹವನ್ನು ಓದಿ ಬೆರಳಚ್ಚು ಮಾಡಿಸಲು ಎರಡು ದಿನವಾದರೂ ಬೇಕೆಂದು ನಾನು ಎಣಿಸಿದ್ದೆ. ನನ್ನ ಬಳಿ ಕೆಲಸ ಕಲಿಯುತ್ತಿರುವ ಕಿರಿಯ ವಕೀಲೆ ಅದರ ಫೋಟೋ ತೆಗೆದು, ಮೊಬೈಲಿನಲ್ಲಿದ್ದ ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದಕ್ಕೆ ಹಾಕಿ, ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಇಡೀ ಪತ್ರವನ್ನು ಅಚ್ಚುಕಟ್ಟಾಗಿ ಮುದ್ರಿಸಿ ಮೇಜಿನ ಮೇಲಿಟ್ಟರು. ಮೊದಲ ಪುಟ ಓದಿದಾಗ ನನಗೆ ಆದದ್ದು ಸಂತೋಷವೇ.

ಚಕ್ಕುಬಂದಿಗೆ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿಗಳ ವಿವರಕ್ಕೆ, ಬಂದಾಗ ಕಣ್ಣು ತಡೆದು ನಿಂತಿತು. ಮೂಲದಲ್ಲಿ “ಮೂಡಲು ಹಳ್ಳ, ಪಡುವಲು ಊರ ದಾರಿ, ತೆಂಕಲು ಇದೇ ನಂಬರಿನ ಉಳಿಕೆ, ಬಡಗಲು ಶಾನುಭೋಗರ ಗದ್ದೆ” ಎಂದಿತ್ತು. ಯಂತ್ರ ಕೊನೆಯದನ್ನು “ಬಡಗಿ ಶಾನುಭೋಗರ ಗದ್ದೆ” ಎಂದು ಓದಿತ್ತು. ಶಾನುಭೋಗರ ಕೈಗೆ ಲೇಖನಿಯ ಬದಲು ಉಳಿ ಕೊಟ್ಟದ್ದು ನಗುವ ಮಾತಾದರೂ, ಆಸ್ತಿಯ ಷೆಡ್ಯೂಲಿಗೆ ಉತ್ತರದ ಗಡಿಯೇ ಇಲ್ಲದಂತಾದದ್ದು ನಗುವ ಮಾತಲ್ಲ. ಅದರ ಕೆಳಗೆ ವಿಸ್ತೀರ್ಣ. ಮೂಲದ ೧ ಎಕರೆ ೧೬ ಗುಂಟೆ ಇಲ್ಲಿ 1 ಎಕರೆ 19 ಗುಂಟೆಯಾಗಿತ್ತು. ಹಳೆಯ ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಅವಳಿ ಮಕ್ಕಳ ಹಾಗೆ. ಬಾಲ ಯಾವ ಕಡೆಗೆ ತಿರುಗಿದೆ ಎಂದು ಭೂತಗನ್ನಡಿ ಹಿಡಿದು ನೋಡಬೇಕಾಯಿತು. ಮೂರು ಗುಂಟೆಯೆಂದರೆ 3,267 ಚದರ ಅಡಿ. ಅದಕ್ಕಿಂತ ಕಡಿಮೆ ನೆಲಕ್ಕಾಗಿ ಅಣ್ಣತಮ್ಮಂದಿರು ಹೈಕೋರ್ಟಿನವರೆಗೆ ಹೋದದ್ದನ್ನು ನಾನು ಕಂಡಿದ್ದೇನೆ.

ನಮ್ಮ ಗುಮಾಸ್ತರು ಹಳೆಯ ಪತ್ರವನ್ನು ನಕಲು ಮಾಡುವಾಗ ತಿಳಿಯದ ಅಕ್ಷರ ಎದುರಾದರೆ ಜಾಗ ಬಿಟ್ಟು, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಯಂತ್ರದ ಪ್ರತಿಯಲ್ಲಿ ಅಂಥ ಖಾಲಿ ಜಾಗ ಒಂದೂ ಇರಲಿಲ್ಲ. ಸರಿಯಾಗಿ ಓದಿದ ಸಾಲೂ ಊಹಿಸಿ ತುಂಬಿದ ಸಾಲೂ ಒಂದೇ ಬಗೆಯ ಅಕ್ಷರಗಳಲ್ಲಿ, ಒಂದೇ ಧೈರ್ಯದಿಂದ ನಿಂತಿದ್ದವು. ಒಂದು ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕಾಚಾರದ ಮೇಲೆ ವಾಕ್ಯ ಕಟ್ಟುವ ತಂತ್ರಾಂಶಕ್ಕೆ, ಇಂದಿನ ಬರಹದಲ್ಲಿ ಹೆಚ್ಚಾಗಿ ಕಾಣುವ ‘ಬಡಗಿ’ ಹತ್ತಿರವಾದದ್ದರಲ್ಲಿ, ಕ್ರಯಪತ್ರ ಪಾಲುಪಟ್ಟಿಗಳಲ್ಲಿ ಮಾತ್ರ ಉಳಿದಿರುವ ‘ಬಡಗಲು’ ದೂರವಾದದ್ದರಲ್ಲಿ ಆಶ್ಚರ್ಯವಿಲ್ಲ. ಹಾಸನದಂಥ ಊರಿನ ವಕೀಲಿಕೆ ನಡೆಯುವುದೇ ಜಮೀನಿನ ದಾಖಲೆಗಳ ಇಂಥ ಪದಗಳ ಮೇಲೆ: ದರಖಾಸ್ತು, ಪೋಡಿ, ಹದ್ದುಬಸ್ತು, ಆಕಾರಬಂದ್, ಖರಾಬು. ಎಲ್ಲಿ ನಮಗೆ ನೆರವು ಹೆಚ್ಚು ಬೇಕೋ ಅಲ್ಲೇ ಯಂತ್ರದ ಓದು ತೆಳುವಾಗಿದೆ.

ಇಲ್ಲದ ತೀರ್ಪುಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ವಿಮಾನಯಾನ ಸಂಸ್ಥೆಯೊಂದರ ವಿರುದ್ಧದ ದಾವೆಯಲ್ಲಿ ಚಾಟ್‌ಜಿಪಿಟಿ ಸೃಷ್ಟಿಸಿದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿದಾಗ, ನಮ್ಮ ವಕೀಲರ ಸಂಘದಲ್ಲಿ ಅದನ್ನು ಅಮೆರಿಕದವರ ಅವಸರವೆಂದು ಮಾತನಾಡಿಕೊಂಡೆವು. ಆಮೇಲೆ ಅದು ಬೆಂಗಳೂರಿಗೇ ಬಂದಿತು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಕೊನೆಯಲ್ಲಿ ನೀಡಿದ ಆದೇಶವೊಂದನ್ನು, ಅದರಲ್ಲಿ ಉಲ್ಲೇಖಗೊಂಡ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂದು ತಿಳಿದ ಮೇಲೆ, ತಾನೇ ಹಿಂಪಡೆಯಿತು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ, ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದು ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಆಧರಿಸಿದ್ದ ಸಂಗತಿ ಬಯಲಾಯಿತು.

ನನ್ನ ಮಟ್ಟಿಗೆ ಇದಕ್ಕಿಂತ ಅಪಾಯಕಾರಿಯಾದದ್ದು ನಿಜವಾಗಿಯೂ ಇರುವ, ಆದರೆ ಈಗ ಜೀವವಿಲ್ಲದ ತೀರ್ಪು. ಇದೇ ದಾವೆಯಲ್ಲಿ ವಾದಿಯು ಮನೆಯ ಮಗಳು. ಆಕೆಯ ತಂದೆ 2005ಕ್ಕೂ ಮೊದಲೇ ತೀರಿಕೊಂಡವರು. ಆಕೆಗೆ ಪಿತ್ರಾರ್ಜಿತದಲ್ಲಿ ಹಕ್ಕುಂಟೇ ಎಂದು ಆ ಆ್ಯಪ್ ಅನ್ನು ಕೇಳಿದಾಗ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದಿರಬೇಕು ಎಂದು ಉತ್ತರಿಸಿ, ಸುಪ್ರೀಂ ಕೋರ್ಟಿನ 2015ರ ಪ್ರಕಾಶ್ ವಿರುದ್ಧ ಫೂಲಾವತಿ ತೀರ್ಪನ್ನು ಆಧಾರವಾಗಿ ಕೊಟ್ಟಿತು. ತೀರ್ಪು ನಿಜ, ಅದು ಕರ್ನಾಟಕದಿಂದಲೇ ಹೋದ ಮೇಲ್ಮನವಿ, ಸಾರಾಂಶದಲ್ಲಿಯೂ ತಪ್ಪಿರಲಿಲ್ಲ. ಆದರೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದರಿಂದ ಅಂದು ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಹೇಳಿ, ಫೂಲಾವತಿ ತೀರ್ಪನ್ನು ರದ್ದುಗೊಳಿಸಿದೆ. ಆ ಉತ್ತರವನ್ನು ನಂಬಿದ್ದರೆ ನಾನು ಆಕೆಯನ್ನು “ನಿಮಗೆ ಪಾಲಿಲ್ಲಮ್ಮ” ಎಂದು ಹೇಳಿ ಮನೆಗೆ ಕಳುಹಿಸುತ್ತಿದ್ದೆ; ದಾವೆಯೇ ಹೂಡದಿದ್ದ ಮೇಲೆ ಆ ತಪ್ಪನ್ನು ಎತ್ತಿ ತೋರಿಸಲು ಎದುರು ವಕೀಲರೂ ಇರುತ್ತಿರಲಿಲ್ಲ, ನ್ಯಾಯಾಧೀಶರೂ ಇರುತ್ತಿರಲಿಲ್ಲ.

ಪರಿಶೀಲಿಸಲು ಪುರಸೊತ್ತಿರಲಿಲ್ಲ ಎನ್ನುವ ನೆಪ ಈಗ ನಡೆಯುವುದಿಲ್ಲ. ಸುಪ್ರೀಂ ಕೋರ್ಟಿನ ವರದಿಯಾದ ತೀರ್ಪುಗಳು 2023ರಿಂದ ಆ ನ್ಯಾಯಾಲಯದ್ದೇ ಆದ ಇ-ಎಸ್‌ಸಿಆರ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಹೈಕೋರ್ಟಿನ ತೀರ್ಪುಗಳನ್ನೂ ಜಾಲತಾಣದಲ್ಲಿ ಹುಡುಕಿ ಓದಬಹುದು. ಯಂತ್ರ ಸೂಚಿಸಿದ ಪ್ರತಿಯೊಂದು ತೀರ್ಪನ್ನೂ ಅಲ್ಲಿ ತೆರೆದು, ಬೇಕಾದ ಕಂಡಿಕೆಯನ್ನು ಕಣ್ಣಾರೆ ಓದಿ, ಅದು ಇಂದಿಗೂ ಊರ್ಜಿತವಾಗಿದೆಯೇ ಎಂದು ನೋಡದ ಹೊರತು ಲಿಖಿತ ವಾದದಲ್ಲಿ ಸೇರಿಸಬಾರದೆಂದು ಕಿರಿಯರಿಗೆ ಹೇಳಿದ್ದೇನೆ. ವಕಾಲತ್ತಿನಲ್ಲಿ ಇರುವುದು ನನ್ನ ಹೆಸರು. ಸುಪ್ರೀಂ ಕೋರ್ಟು 2019ರಲ್ಲೇ ತೀರ್ಪುಗಳ ಅನುವಾದಕ್ಕೆ ‘ಸುವಾಸ್’ ಎಂಬ ತಂತ್ರಾಂಶವನ್ನು ತಂದಿದ್ದರೂ, ಅನುವಾದವನ್ನು ಮನುಷ್ಯರು ತಿದ್ದುವ ಕ್ರಮವನ್ನು ಬಿಟ್ಟಿಲ್ಲ. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ರೂಪಿಸಿದ ನೀತಿ ಇನ್ನೂ ಖಚಿತವಾಗಿದೆ: ನಿರ್ಣಯಕ್ಕೆ ಬರಲು, ಪರಿಹಾರ ನೀಡಲು, ತೀರ್ಪು ಬರೆಯಲು ಕೃತಕ ಬುದ್ಧಿಮತ್ತೆಯನ್ನು ಬಳಸುವಂತಿಲ್ಲ.

ಇಷ್ಟೆಲ್ಲ ಯೋಚಿಸಿದ ನಾನು ಮುಖ್ಯವಾದುದನ್ನೇ ಅಂದು ಸಂಜೆಯವರೆಗೆ ಗಮನಿಸಿರಲಿಲ್ಲ. ಬಡಗಿ ಶಾನುಭೋಗರನ್ನು ಕಂಡು ನಗುತ್ತಿದ್ದಾಗ, ಕಕ್ಷಿದಾರರ ಪಾಲುಪಟ್ಟಿ ಅವರ ಅನುಮತಿಯಿಲ್ಲದೆ ಯಾವುದೋ ಕಂಪನಿಯ ಸರ್ವರಿಗೆ ಹೋಗಿ ಕುಳಿತಿತ್ತು. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು, ಅಂದರೆ 1872ರ ಸಾಕ್ಷ್ಯ ಕಾಯ್ದೆಯ 126 ಮತ್ತು 127ನೇ ಕಲಮುಗಳ ಇಂದಿನ ರೂಪ, ವೃತ್ತಿಯ ಕಾರಣದಿಂದ ತನಗೆ ತಿಳಿದುಬಂದ ದಾಖಲೆಯ ಒಳಗಿನ ವಿಷಯವನ್ನಾಗಲೀ ಅದು ಇರುವ ಸ್ಥಿತಿಯನ್ನಾಗಲೀ ಕಕ್ಷಿದಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಕೀಲನು ಹೊರಗೆಡಹಬಾರದೆನ್ನುತ್ತದೆ. ಗುಮಾಸ್ತರನ್ನೂ ದುಭಾಷಿಗಳನ್ನೂ ಅದೇ ಕಟ್ಟಿಗೆ ಒಳಪಡಿಸುತ್ತದೆ. ಆ್ಯಪ್ ಓದಿಕೊಡುವಾಗ ಗುಮಾಸ್ತನ ಕೆಲಸ ಮಾಡುತ್ತದೆ, ಅನುವಾದಿಸುವಾಗ ದುಭಾಷಿಯ ಕೆಲಸ ಮಾಡುತ್ತದೆ. ಆದರೆ ಆ ಕಟ್ಟು ಅದನ್ನು ಹಿಡಿಯುವುದಿಲ್ಲ, ನನ್ನನ್ನು ಹಿಡಿಯುತ್ತದೆ.

ಹೆಸರು ಅಳಿಸಿ ಹಾಕಿದರೆ ಸಾಕೆಂಬ ಸಲಹೆ ದೊಡ್ಡ ನಗರಗಳಲ್ಲಿ ಸರಿಹೋಗಬಹುದು. ನಮ್ಮ ಕಡೆ ಹೆಸರು ತೆಗೆದು ಹಳ್ಳ, ಓಣಿ, ಗದ್ದೆ ಇಷ್ಟನ್ನು ಉಳಿಸಿದರೂ ಯಾರ ಮನೆಯ ಪತ್ರವೆಂದು ಆ ಊರಿನ ಯಾರು ಬೇಕಾದರೂ ಹೇಳುತ್ತಾರೆ. ಆದ್ದರಿಂದ ಕೌಟುಂಬಿಕ ಪ್ರಕರಣಗಳ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಪ್ರಕರಣಗಳ ಯಾವ ಕಾಗದವೂ ಈ ಆ್ಯಪ್‌ಗಳಿಗೆ ಹೋಗಕೂಡದೆಂದು ಕಚೇರಿಯಲ್ಲಿ ತೀರ್ಮಾನಿಸಿದ್ದೇವೆ. ಉಳಿದವುಗಳಲ್ಲಿ ವಕಾಲತ್ತಿಗೆ ಸಹಿ ಹಾಕಿಸುವಾಗಲೇ ವಿಷಯ ತಿಳಿಸಿ, ಕನ್ನಡದಲ್ಲಿ ಒಪ್ಪಿಗೆ ಬರೆಸಿಕೊಳ್ಳುತ್ತೇವೆ. ನಾನೇ ಬರೆದ ಕರಡಿನ ಭಾಷೆ ತಿದ್ದಲು, ಈಗಾಗಲೇ ಪ್ರಕಟವಾದ ತೀರ್ಪಿನ ಸಾರಾಂಶ ಪಡೆಯಲು ಅದನ್ನು ದಿನವೂ ಬಳಸುತ್ತೇನೆ, ಅದರಿಂದ ಉಪಕಾರವಾಗಿದೆ.

ಮರುದಿನ ಆ ಹೆಣ್ಣುಮಗಳನ್ನು ಕರೆಸಿ, ನಡೆದದ್ದನ್ನು ಹೇಳಿದೆ. ಕಿರಿಯ ವಕೀಲೆ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಅಂದೇ ಕಾಫಿ ಕುಡಿಯುತ್ತಾ ನೋಡಿ ಖುಷಿಪಟ್ಟವನು ನಾನೇ ಎಂದು ಅವರ ಪರವಾಗಿ ಹೇಳಬೇಕಾಯಿತು. ಗುಂಟೆಯ ಲೆಕ್ಕವಾಗಲೀ ಬಡಗಲಿನ ಗಡಿಯಾಗಲೀ ಆಕೆಗೆ ಚಿಂತೆಯ ವಿಷಯವೆನಿಸಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, “ಅಣ್ಣನ ಕಡೆಯೋರು ಇದೇ ಮೊಬೈಲ್‌ನಾಗೆ ಕೇಳಿದ್ರೆ ನಮ್ ಪತ್ರ ಅವ್ರಿಗೂ ತೋರ್ಸುತ್ತಾ ಸಾರ್?” ಎಂದರು.

ತೋರಿಸಲಿಕ್ಕಿಲ್ಲ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಹಾಕಿದ ಕಾಗದವನ್ನು ಆ ಕಂಪನಿ ಎಷ್ಟು ದಿನ ಇಟ್ಟುಕೊಳ್ಳುತ್ತದೆ, ಯಂತ್ರಕ್ಕೆ ಕಲಿಸಲು ಅದನ್ನು ಬಳಸುತ್ತದೆಯೇ ಎಂಬ ಷರತ್ತುಗಳನ್ನು ನಾನು ಓದಿರಲಿಲ್ಲ. ಸೋಮವಾರ ವಾಯಿದೆ ಇತ್ತು. ಅಷ್ಟರೊಳಗೆ ಓದಿ ತಿಳಿಸುತ್ತೇನೆಂದು ಹೇಳಿ, ಮೂಲಪತ್ರವನ್ನು ಅವರ ಕೈಗೆ ಕೊಟ್ಟು ಕಳುಹಿಸಿದೆ.